ಕೌಂಟರಿನ ಕೆಳಗಿನ ಸರ್ವರ್

ಬಸ್ಸು ಕಂಪನಿಯ ಮುಖ್ಯ ಡಿಪೋದಲ್ಲಿ ಟಿಕೆಟ್ಟಿನ ಕಿಟಕಿಗಳ ಸಾಲು ಮುಗಿದ ಮೇಲೆ, ಶೌಚಾಲಯದ ಕಡೆಗೆ ತಿರುಗುವ ಮೊದಲು, ಇನ್ನೊಂದು ಸಣ್ಣ ಕಿಟಕಿ ಸಿಗುತ್ತದೆ. ಅದು ಕಳೆದುಹೋದ ವಸ್ತುಗಳ ಕೌಂಟರು. ಇಪ್ಪತ್ತಾರು ವರ್ಷಗಳಿಂದ ಅದರ ಹಿಂದೆ ಕುಳಿತಿದ್ದ ಹೆಂಗಸನ್ನು ಡಿಪೋದವರೆಲ್ಲ ಛತ್ರಿ ಅಕ್ಕ ಎಂದು ಕರೆಯುತ್ತಿದ್ದರು. ಆಕೆಯ ಬೆನ್ನ ಹಿಂದಿನ ಗೋಡೆಯಲ್ಲಿ ಯಾವ ಕಾಲದಲ್ಲಿಯೂ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಛತ್ರಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು.

"ಅಕ್ಕಾ, ಇಷ್ಟೊಂದು ಬಾವಲಿ ಸಾಕಿದ್ದೀಯಲ್ಲ, ತಿನ್ನೋಕೆ ಏನ್ ಹಾಕ್ತೀಯ?" ಎಂದು ಕಂಡಕ್ಟರುಗಳು ಕಿಟಕಿಯಲ್ಲಿ ತಲೆ ತೂರಿಸಿ ಕೇಳುತ್ತಿದ್ದರು.

"ಕೆಲಸ ಬಿಟ್ಟು ಬಂದು ಕಿಟಕೀಲಿ ನಿಂತ್ಕೊಳ್ಳೋ ಕಂಡಕ್ಟರುಗಳನ್ನ" ಎಂದು ಆಕೆ ತಲೆಯೆತ್ತದೆ ಉತ್ತರ ಕೊಡುತ್ತಿದ್ದಳು.

ವಸ್ತು ಕಳೆದುಕೊಂಡು ಬಂದವರ ಮೇಲೆ ಆಕೆ ಎಂದೂ ರೇಗಿದವಳಲ್ಲ. ಯಾವ ಬಸ್ಸು, ಯಾವ ಬದಿಯ ಸೀಟು, ಇಳಿಯುವಾಗ ಏನು ಯೋಚನೆ ಮಾಡುತ್ತಿದ್ದಿರಿ ಎಂಬ ಮೂರು ಪ್ರಶ್ನೆಗಳನ್ನು ಮೆಲುದನಿಯಲ್ಲಿ ಕೇಳುತ್ತಿದ್ದಳು. ಮೂರನೆಯ ಪ್ರಶ್ನೆಗೆ ಉತ್ತರ ಹೇಳುತ್ತಾ ಎಷ್ಟೋ ಮಂದಿ ವಸ್ತುವನ್ನು ಬಸ್ಸಿನಲ್ಲಲ್ಲ, ಅಂಗಡಿಯಲ್ಲಿ ಬಿಟ್ಟದ್ದನ್ನು ತಾವೇ ನೆನಪು ಮಾಡಿಕೊಂಡು ಹೋಗುತ್ತಿದ್ದರು. ಆದರೆ ಇತರರ ಮರೆವಿನ ನಡುವೆಯೇ ಬದುಕಿದ ಈಕೆಗೆ ತನ್ನದೆಂಬ ಮರೆವು ಇರಲಿಲ್ಲ. ಹಿಂದೊಮ್ಮೆ ಟಿಕೆಟ್ ತನಿಖೆಯವನೊಬ್ಬ ಆಕೆಯ ಕೋಣೆಯನ್ನು ಗುಜರಿ ಅಂಗಡಿ ಎಂದು ಕರೆದಿದ್ದ. ಅವನು ನಿವೃತ್ತನಾಗುವವರೆಗೆ, ಅಂದರೆ ಒಂಬತ್ತು ವರ್ಷ, ಅವನ ನಮಸ್ಕಾರಕ್ಕೆ ಆಕೆ ಗೋಡೆಯ ಗಡಿಯಾರವನ್ನು ನೋಡಿ ತಲೆಯಾಡಿಸಿದಳೇ ಹೊರತು ಅವನ ಮುಖ ನೋಡಲಿಲ್ಲ.

ಕಂಪನಿಗೆ ಐದು ಡಿಪೋಗಳಿದ್ದವು. ಒಂದು ಕೈಚೀಲ ಹುಡುಕಬೇಕೆಂದರೆ ಐದು ಕಡೆ ಫೋನು ಮಾಡಬೇಕು. ಎರಡು ಕಡೆ ಯಾರೂ ಎತ್ತುವುದಿಲ್ಲ, ಮೂರನೆಯ ಕಡೆ ಎತ್ತಿದವನು ಊಟಕ್ಕೆ ಹೊರಟಿರುತ್ತಾನೆ. ಈ ಪೇಚಾಟ ನಡೆದಿರುವಾಗಲೇ ಯಾರೋ ಒಂದು ಬಸ್ಸಿನ ಹಿಂದಿನ ಸೀಟಿನಲ್ಲಿ ಒಂದು ದಪ್ಪ ಪುಸ್ತಕ ಬಿಟ್ಟುಹೋದರು. ವೆಬ್ ಅಪ್ಲಿಕೇಶನ್ ಕಟ್ಟುವುದನ್ನು ಮೊದಲಿನಿಂದ ಕಲಿಸುವ ಪುಸ್ತಕ. ವರ್ಷವಿಡೀ ಯಾರೂ ಕೇಳಿಕೊಂಡು ಬಾರದ ವಸ್ತುವನ್ನು ಸಿಬ್ಬಂದಿ ಬರೆದುಕೊಟ್ಟು ತೆಗೆದುಕೊಳ್ಳಬಹುದೆಂಬ ನಿಯಮವಿತ್ತು. ಛತ್ರಿ ಅಕ್ಕ ವರ್ಷ ತುಂಬುವವರೆಗೆ ಅದನ್ನು ಮುಟ್ಟಲಿಲ್ಲ. ತುಂಬಿದ ಮರುದಿನವೇ ಬರೆದುಕೊಟ್ಟು ತೆಗೆದುಕೊಂಡಳು.

ಮಧ್ಯಾಹ್ನ ಎರಡರಿಂದ ಮೂರರವರೆಗೆ ಕಿಟಕಿಗೆ ಯಾರೂ ಬರುವುದಿಲ್ಲ. ಆ ಒಂದು ಗಂಟೆಯಲ್ಲಿ ಓದಿ, ಕೌಂಟರಿನ ಕೆಳಗಿದ್ದ ಕಂಪ್ಯೂಟರಿನಲ್ಲಿ ಮಾಡಿ ನೋಡಿ, ಕೆಡಿಸಿ, ಮತ್ತೆ ಮಾಡಿ, ಲೋಕಲ್ ಸರ್ವರ್ ಒಂದನ್ನು ಎಬ್ಬಿಸುವುದಕ್ಕೇ ಆಕೆಗೆ ನಾಲ್ಕು ತಿಂಗಳು ಹಿಡಿಯಿತು. ಲೋಕಲ್ ಸರ್ವರ್ ಎಂದರೆ ಬೇರೇನಲ್ಲ. ಊರಿಗೆಲ್ಲ ತೆರೆಯುವ ಮೊದಲು ಅಂಗಡಿಯನ್ನು ಮನೆಯೊಳಗೇ ಹೂಡಿ ನೋಡುವುದು. ಅಂಗಡಿಯವಳೂ ತಾನೇ, ಗಿರಾಕಿಯೂ ತಾನೇ. ತಾನೇ ಬಾಗಿಲು ತಟ್ಟಿ, ತಾನೇ ಏನು ಬೇಕೆಂದು ಕೇಳಿ, ತಾನೇ ಉತ್ತರ ಕೊಡಬೇಕು. ಸಾಮಾನು ಇಡುವ ಉಗ್ರಾಣವೊಂದು ಬೇಕು. ಅದಕ್ಕೆ ಡೇಟಾಬೇಸ್ ಎನ್ನುತ್ತಾರೆ. ಆ ಉಗ್ರಾಣ ಎಲ್ಲಿದೆ ಎಂದು ಅಂಗಡಿಗೆ ತಿಳಿಸುವ ಒಂದು ಚೀಟಿ ಬೇಕು. ಅದು ಸೆಟ್ಟಿಂಗ್ಸ್ ಫೈಲು. ಈ ಚೀಟಿಯಲ್ಲಿ ಒಂದು ಅಕ್ಷರ ತಪ್ಪಿದರೂ ಅಂಗಡಿಯ ಬಾಗಿಲು ತೆರೆಯುವುದಿಲ್ಲ.

ಮೊದಲ ಸಲ ತೆರೆಯ ಮೇಲೆ ‘ಕಳೆದುದು ಏನು?’ ಎಂಬ ತನ್ನದೇ ಪ್ರಶ್ನೆ ಮೂಡಿದಾಗ ಛತ್ರಿ ಅಕ್ಕನಿಗೆ ಕಣ್ಣು ತುಂಬಿಬಂತು. ಪರೀಕ್ಷೆಗೆಂದು ಬಾಯಿಗೆ ಬಂದ ವಸ್ತುಗಳನ್ನೆಲ್ಲ ಒಂದೊಂದಾಗಿ ಬರೆದು ಸೇರಿಸಿದಳು. ಒಟ್ಟು ಅರವತ್ತನಾಲ್ಕು. ಮೊದಲನೆಯದು: ‘ಕಿವಿ ಮುಚ್ಚುವ ಟೋಪಿ, ಬಣ್ಣ ಕೆಂಪು, ಅತ್ತೆಯ ಕೋಪದಷ್ಟು.’ ಕೌಂಟರಿನ ಹಿಂದಿದ್ದ ಗೋದಾಮಿನ ಕಂಪ್ಯೂಟರಿನಿಂದಲೂ ಉಗ್ರಾಣ ತೆರೆಯಲೆಂದು, ಇದೇ ಯಂತ್ರದಲ್ಲಿದೆ ಎಂಬರ್ಥದಲ್ಲಿ ಚೀಟಿಯಲ್ಲಿದ್ದ ‘ಇಲ್ಲೇ’ ಎಂಬ ವಿಳಾಸ ತೆಗೆದು, ಕಚೇರಿಯ ಜಾಲದಲ್ಲಿ ಕೌಂಟರಿನ ಯಂತ್ರಕ್ಕಿದ್ದ ಸಂಖ್ಯೆಯನ್ನು ಬರೆದಿಟ್ಟಳು.

ವ್ಯವಸ್ಥಾಪಕರಿಗೆ ತೋರಿಸಿದಳು. ಅವರು ಕನ್ನಡಕ ಹಣೆಗೇರಿಸಿ ನೋಡಿ, "ಭೇಷ್! ಒಂದು ಪ್ರತಿ ಕೊಡಿ, ಜೋಪಾನವಾಗಿ ಇಟ್ಟಿರ್ತೀನಿ" ಎಂದರು. ಆಕೆ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟಳು.

ಹದಿನೈದು ದಿನದ ಮೇಲೆ ಸಿಬ್ಬಂದಿ ಸಭೆ. ವ್ಯವಸ್ಥಾಪಕರ ಅಳಿಯ, ಮೂವತ್ತೆರಡರ ಆಸುಪಾಸಿನವನು, ಕಂಪ್ಯೂಟರ್ ವಿಭಾಗಕ್ಕೆಂದು ಆಗಷ್ಟೇ ಸೇರಿದವನು, ಗೋಡೆಯ ಮೇಲೆ ದೊಡ್ಡದಾಗಿ ಬೆಳಕು ಬಿಟ್ಟು ತನ್ನ ಹೊಸ ಕೆಲಸವನ್ನು ತೋರಿಸಿದ. ಮೊದಲ ಸಾಲು ಓದಿದ. "ಕಿವಿ ಮುಚ್ಚುವ ಟೋಪಿ, ಬಣ್ಣ ಕೆಂಪು, ಅತ್ತೆಯ..." ಎಂದವನು ಅಲ್ಲಿಗೇ ನಿಂತ. ಸಭೆ ನಕ್ಕಿತು. "ಇದು ಸುಮ್ನೆ ಮಾದರಿಗೆ" ಎಂದ. ಆ ಅತ್ತೆ ಯಾರ ಅತ್ತೆಯೆಂದು ಬಲ್ಲವಳು ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ಅವನ ಅತ್ತೆಯೆಂದರೆ ವ್ಯವಸ್ಥಾಪಕರ ಹೆಂಡತಿಯೇ ಎಂಬುದು ಅವನಿಗೂ ಆ ಕ್ಷಣಕ್ಕೆ ಹೊಳೆದಿರಬೇಕು.

ಛತ್ರಿ ಅಕ್ಕ ಎದ್ದು ನಿಂತಳು. ವ್ಯವಸ್ಥಾಪಕರು ಅವಳನ್ನು ನೋಡಿ ನಕ್ಕು, "ಕೌಂಟರಿನ ನಮ್ಮ ಅಕ್ಕನೂ ಒಂದೆರಡು ಸಲಹೆ ಕೊಟ್ಟಿದಾರೆ. ಅವರಿಗೆ ಇದೆಲ್ಲ ಎಲ್ಲಿ ಬರ್ಬೇಕು ಪಾಪ, ಆದ್ರೂ ಆಸಕ್ತಿ ಇದೆ. ಚಪ್ಪಾಳೆ ಹಾಕಿ" ಎಂದರು. ಚಪ್ಪಾಳೆ ಬಿತ್ತು. ಎದ್ದು ನಿಂತದ್ದು ಚಪ್ಪಾಳೆಗೆಂದೇ ಎಲ್ಲರೂ ತಿಳಿದರು.

ಮನೆಗೆ ಬಂದು ಆಕೆ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. ಗಂಡ ದೂರದ ಮಾರ್ಗದ ಬಸ್ಸು ಓಡಿಸುವವನು, ದಿನ ಬಿಟ್ಟು ದಿನ ಮನೆಯಲ್ಲಿರುತ್ತಿದ್ದ. ಮನೆಯಲ್ಲಿದ್ದವಳು ಅತ್ತೆ. ಎಪ್ಪತ್ತೆಂಟು ವರ್ಷ, ಮೊಣಕಾಲು ಸೋತಿದ್ದರೂ ನಾಲಗೆ ಸೋತಿರಲಿಲ್ಲ.

"ಚಪ್ಪಾಳೆ ಹೊಡೆಸಿದ್ನಾ?" ಎಂದು ಅತ್ತೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. "ಬೈದಿದ್ರೆ ಬಿಟ್ಬಿಡಬಹುದಿತ್ತು ಕಣೇ. ಚಪ್ಪಾಳೆ ಹೊಡೆಸಿದ್ದನ್ನ ಬಿಡೋಹಾಗಿಲ್ಲ."

"ಏನ್ ಮಾಡ್ಲಿ ಅತ್ತೆ? ನಾನೇ ಮಾಡ್ದೆ ಅಂತ ಈಗ ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ."

"ಈಗ ಯಾರು ಹೇಳು ಅಂದ್ರು? ಕಾಯಿ. ಕದ್ದೋನು ಎಲ್ಲೋ ಒಂದ್ಕಡೆ ಕಾಲು ಜಾರ್ತಾನೆ. ಆಗ ಹಿಡ್ಕೊಂಡು ಎಳಿ." ಮೊಣಕಾಲು ನೀವಿಕೊಂಡು, "ಅದಿರ್ಲಿ, ಆ ಟೋಪಿ ವಿಷಯ ಏನದು?" ಎಂದಳು. ಸೊಸೆ ಲೋಟ ತೊಳೆಯಲು ಎದ್ದಳು.

ಅಂದಿನಿಂದ ಛತ್ರಿ ಅಕ್ಕ ಅಪ್ಲಿಕೇಶನ್ನನ್ನು ತೆರೆಯಲಿಲ್ಲ. ಉಳಿದ ಡಿಪೋದವರೆಲ್ಲ ಮೇಲಿನ ಮಹಡಿಯ ಅಳಿಯನ ಯಂತ್ರದ ವಿಳಾಸ ಒತ್ತಿ ಸಾಮಾನು ನಮೂದಿಸತೊಡಗಿದರೂ ಈಕೆ ಮಾತ್ರ ಹಳೆಯ ಕಾಗದದ ಪುಸ್ತಕ ಹಿಡಿದಳು. ಯಾಕೆಂದು ಕೇಳಿದರೆ, "ನಮಗೆ ಇದೆಲ್ಲ ಎಲ್ಲಿ ಬರ್ಬೇಕು ಸಾರ್, ಪಾಪ" ಎಂದು ವ್ಯವಸ್ಥಾಪಕರ ಮಾತನ್ನೇ ಅವರದೇ ರಾಗದಲ್ಲಿ ಒಪ್ಪಿಸುತ್ತಿದ್ದಳು. ಕೊನೆಗೆ ಅವಳ ಹಾಳೆಗಳನ್ನು ಮೇಲೆ ಒಯ್ದು ಬೇರೊಬ್ಬ ಗುಮಾಸ್ತ ಟೈಪು ಮಾಡುವಂತಾಯಿತು. ಸಣ್ಣ ಸೇಡು. ಹೊಟ್ಟೆ ತುಂಬುವಂಥದಲ್ಲ.

ಮೂರು ವಾರ ಕಳೆಯಿತು. ಒಂದು ಶುಕ್ರವಾರ ವ್ಯವಸ್ಥಾಪಕರ ಸಹಿಯಿದ್ದ ಚೀಟಿಯೊಂದು ಕೆಳಗೆ ಬಂತು. ಮುಂದಿನ ಗುರುವಾರ ಕಂಪನಿಯ ಅಧ್ಯಕ್ಷೆ ಬರುವವರಿದ್ದರು. ಅಳಿಯನ ಕೆಲಸವನ್ನು ಅವರಿಗೆ ತೋರಿಸುವುದಿತ್ತು. ಅದರದೇ ಇನ್ನೊಂದು ರೂಪ ಕೌಂಟರಿನಲ್ಲಿ ಕಣ್ಣಿಗೆ ಬೀಳುವುದು ಮಾವನಿಗೆ ಬೇಡವಾಗಿತ್ತು. ಚೀಟಿಯಲ್ಲಿ ಬರೆದಿತ್ತು: ‘ಕೌಂಟರಿನ ಕಂಪ್ಯೂಟರಿನಲ್ಲಿ ತಾವು ಹಾಕಿಕೊಂಡಿರುವ ಖಾಸಗಿ ಪ್ರಯೋಗಗಳನ್ನು ಅಧ್ಯಕ್ಷರ ಭೇಟಿಗೆ ಮುಂಚೆ ಸಂಪೂರ್ಣವಾಗಿ ಅಳಿಸತಕ್ಕದ್ದು.’

ಖಾಸಗಿ ಪ್ರಯೋಗ! ಆಕೆ ಹಲ್ಲು ಕಚ್ಚಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕನ್ನಡಕದ ಪೆಟ್ಟಿಗೆಯಲ್ಲಿಟ್ಟಳು. ಅಳಿಸುವ ಮುನ್ನ ತನ್ನದನ್ನು ತಾನು ಉಳಿಸಿಕೊಳ್ಳಬೇಕೆಂದು, ಫೋಲ್ಡರನ್ನೂ ಉಗ್ರಾಣದ ಪೂರ್ತಿ ಪ್ರತಿಯನ್ನೂ ಪೆನ್‌ಡ್ರೈವಿಗೆ ಇಳಿಸಿ ಮನೆಗೆ ತಂದಳು.

ಭಾನುವಾರ ಬೆಳಗ್ಗೆ ಮನೆಯ ಹಳೆಯ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ಕುಳಿತಳು. ಬರಿಯ ಯಂತ್ರ, ಎಲ್ಲವನ್ನೂ ಮೊದಲಿನಿಂದ ಹೂಡಬೇಕು. ತನ್ನ ನೋಟುಪುಸ್ತಕ ತೆರೆದು ಒಂದೊಂದೇ ಸಾಲು ಮಾಡುತ್ತಾ ಹೋದಳು. ಡೇಟಾಬೇಸ್ ಹಾಕಿದಳು. ತಂದ ಪ್ರತಿಯನ್ನು ಅದಕ್ಕೆ ತುಂಬಿಸಿದಳು. ಅಪ್ಲಿಕೇಶನ್ನಿಗೆ ಬೇಕಾದ ಪರಿಕರಗಳನ್ನು ಇಂಟರ್ನೆಟ್ಟಿನಿಂದ ತರಿಸಿದಳು. ಒಂದು ಬಂದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ಅತ್ತೆ ಎದುರು ಕುರ್ಚಿಯಲ್ಲಿ ಬಟಾಣಿ ಸುಲಿಯುತ್ತಾ, "ಇನ್ನೂ ಎದ್ದಿಲ್ವಾ?" ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದಳು, ಹಾಸಿಗೆ ಹಿಡಿದ ನೆಂಟರನ್ನು ವಿಚಾರಿಸುವಂತೆ. ಸೆಟ್ಟಿಂಗ್ಸ್ ಚೀಟಿಯಲ್ಲಿ ಕೌಂಟರಿನ ಸಂಖ್ಯೆಯನ್ನು ಅಳಿಸಿ ‘ಇಲ್ಲೇ’ ಎಂದು ಬರೆದು, ಕಡೆಗೆ ಓಡಿಸುವ ಆಜ್ಞೆ ಕೊಟ್ಟಳು.

ಪುಟ ತೆರೆಯಿತು. ಕೆಳಗಿನ ಮೂಲೆಯಲ್ಲಿ ಒಟ್ಟು ವಸ್ತುಗಳ ಸಂಖ್ಯೆ ಬರುವಂತೆ ಅವಳೇ ಮಾಡಿಟ್ಟಿದ್ದಳು. ಅರವತ್ತನಾಲ್ಕು ಇರಬೇಕಾದಲ್ಲಿ ಸಾವಿರದ ಒಂಬೈನೂರ ಹನ್ನೆರಡು ಎಂದಿತ್ತು.

ಮೊದಲು ತನ್ನ ಕೈತಪ್ಪೆಂದುಕೊಂಡಳು. ಮತ್ತೊಮ್ಮೆ ತುಂಬಿಸಿ ನೋಡಿದಳು. ಅಷ್ಟೇ. ಸಾಲುಗಳನ್ನು ಓದಿದಳು. ಎರಡನೇ ಡಿಪೋ, ನೀಲಿ ಊಟದ ಡಬ್ಬಿ. ಐದನೇ ಡಿಪೋ, ಮಗುವಿನ ಎಡಗಾಲಿನ ಬೂಟು. ನಾಲ್ಕನೇ ಡಿಪೋ, ಹಲ್ಲಿನ ಸೆಟ್ಟು, ಮೇಲಿನದು ಮಾತ್ರ. ಎಲ್ಲವೂ ನಿಜವಾದ ವಸ್ತುಗಳು. ಕೊನೆಯದನ್ನು ನಮೂದಿಸಿದ್ದು ಶುಕ್ರವಾರ ಸಂಜೆ, ಅವಳು ಪ್ರತಿ ಇಳಿಸುವುದಕ್ಕೆ ಹತ್ತು ನಿಮಿಷ ಮೊದಲು.

ಆಕೆ ಕುರ್ಚಿಗೆ ಒರಗಿದಳು. ಅರ್ಥವಾಗಲು ತಡವಾಗಲಿಲ್ಲ. ಅಳಿಯ ಫೋಲ್ಡರನ್ನು ಹಾಗೆಯೇ ಎತ್ತಿ ತನ್ನ ಯಂತ್ರದಲ್ಲಿಟ್ಟಿದ್ದಾನೆ. ಸೆಟ್ಟಿಂಗ್ಸ್ ಚೀಟಿಯನ್ನು ತೆರೆದೇ ನೋಡಿಲ್ಲ. ಸಾಮಾನೆಲ್ಲ ಫೋಲ್ಡರಿನೊಳಗೇ ಇದೆಯೆಂದು ತಿಳಿದಿದ್ದಾನೆ. ಅವನ ಅಂಗಡಿ ಮೇಲಿನ ಮಹಡಿಯಲ್ಲಿದ್ದರೂ ಉಗ್ರಾಣ ಈಗಲೂ ತನ್ನ ಕಾಲ ಬುಡದಲ್ಲಿ, ಕೌಂಟರಿನ ಕೆಳಗೆ ಇದೆ. ಒಮ್ಮೆ ಆರಿಸಿದರೆ ಮತ್ತೆ ಏಳಲು ಅರ್ಧ ಗಂಟೆ ಹಿಡಿಯುತ್ತದೆಂದು ಆ ಹಳೆಯ ಯಂತ್ರವನ್ನು ಆರಿಸುವ ಪದ್ಧತಿಯೇ ಇರಲಿಲ್ಲ. ಹಾಗಾಗಿ ಇದು ಯಾರಿಗೂ ತಿಳಿಯಲಿಲ್ಲ. ತನಗೂ ತಿಳಿಯಲಿಲ್ಲ, ಸಿಟ್ಟಿನಲ್ಲಿ ತೆರೆದೇ ನೋಡಿರಲಿಲ್ಲವಲ್ಲ.

"ಯಾಕೆ ಹಾಗೆ ನಗ್ತಿದ್ದೀಯ? ನಂಗೆ ಹೆದರಿಕೆಯಾಗತ್ತೆ" ಎಂದಳು ಅತ್ತೆ.

ಸೊಸೆ ವಿವರಿಸಿದಳು. ಅತ್ತೆ ಬಟಾಣಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಪೂರ್ತಿ ಕೇಳಿದಳು.

"ಅಂದ್ರೆ ಅವನ ಜುಟ್ಟು ನಿನ್ನ ಕಾಲ ಕೆಳಗಿದೆ."

"ಹೂಂ."

"ಅದನ್ನ ಅಳಿಸು ಅಂತ ಅವರೇ ಬರೆದು ಕೊಟ್ಟಿದಾರೆ."

"ಸಹಿ ಹಾಕಿ."

"ಹಾಗಾದ್ರೆ ಹೇಳಿದ ಮಾತು ಕೇಳಮ್ಮಾ" ಎಂದು ಅತ್ತೆ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. "ದೊಡ್ಡೋರ ಮಾತು ಮೀರಬಾರದು."

ಬುಧವಾರ ಆಕೆ ಮೇಲೆ ಹೋಗಿ ವ್ಯವಸ್ಥಾಪಕರ ಮುಂದೆ ಆ ಚೀಟಿಯನ್ನು ಇಟ್ಟಳು. ಅವರು ಸಭೆಯ ಕೋಣೆಯ ಪರದೆಗೆ ಬಟ್ಟೆ ಆಯುವುದರಲ್ಲಿದ್ದರು.

"ಸಾರ್, ಇದನ್ನ ನಾಳೆ ಹನ್ನೊಂದಕ್ಕೆ ಅಳಿಸ್ತೀನಿ. ಇವತ್ತು ಕೌಂಟರಲ್ಲಿ ಬಹಳ ಜನ."

"ಆಯ್ತು ಆಯ್ತು."

"ಹೊತ್ತು ನಾನೇ ಬರೆದಿದ್ದೀನಿ, ಒಂದು ಸಹಿ ಹಾಕಿಬಿಡಿ ಸಾರ್. ತಡ ಮಾಡಿದ್ಲು ಅಂತ ಆಮೇಲೆ ನನ್ನ ಮೇಲೆ ಬರಬಾರದಲ್ಲ."

"ನಿಮ್ಮದೊಳ್ಳೇ ಕಾಟ" ಎಂದು ಅವರು ಓದದೆಯೇ ಸಹಿ ಗೀಚಿದರು. ಪಕ್ಕದಲ್ಲಿ ಅಳಿಯ ಹೊಸ ಕಂಪ್ಯೂಟರಿನ ತೆರೆಯನ್ನು ಕರವಸ್ತ್ರದಿಂದ ಒರೆಸುತ್ತಿದ್ದ. "ನಮಸ್ಕಾರ ಅಕ್ಕ" ಎಂದ. ಛತ್ರಿ ಅಕ್ಕ ಗೋಡೆಯ ಗಡಿಯಾರ ನೋಡಿ ತಲೆಯಾಡಿಸಿದಳು.

ಗುರುವಾರ ಹತ್ತೂಮುಕ್ಕಾಲಿಗೆ ಅಧ್ಯಕ್ಷೆಯ ಕಾರು ಬಂತು. ಹಿಂದೊಮ್ಮೆ ವರ್ಕ್‌ಶಾಪಿನಲ್ಲಿ ಎಂಜಿನಿಯರಾಗಿದ್ದ ಹೆಂಗಸು. ಬಸ್ಸು ಗೇಟಿನೊಳಗೆ ಬರುವಾಗಲೇ ಸದ್ದು ಕೇಳಿ ಯಾವ ಭಾಗ ಸವೆದಿದೆಯೆಂದು ಹೇಳುತ್ತಿದ್ದರಂತೆ. ಎಲ್ಲರೂ ಮೆಟ್ಟಿಲು ಹತ್ತಿ ಮೇಲೆ ಹೋದರು. ಸಭೆಯ ಕೋಣೆ ಕೌಂಟರಿನ ನೇರ ಮೇಲಿತ್ತು. ಕುರ್ಚಿಗಳು ಸರಿದು ಸದ್ದಡಗಿತು.

ಛತ್ರಿ ಅಕ್ಕ ಅಂದಿನವರೆಗಿನ ಉಗ್ರಾಣದ ಕೊನೆಯ ಪ್ರತಿಯನ್ನು ಪೆನ್‌ಡ್ರೈವಿಗೆ ಇಳಿಸಿ ಬೀಗದ ಕೈಗೊಂಚಲಿಗೆ ಸಿಕ್ಕಿಸಿದಳು. ಹನ್ನೊಂದು ಹೊಡೆಯಿತು. ಡೇಟಾಬೇಸನ್ನು ನಿಲ್ಲಿಸಿದಳು, ಅಳಿಸಿದಳು. ಅಷ್ಟೇ. ಮೇಲೆ ಮೊದಲು ಯಾರೋ ಕೆಮ್ಮಿದರು. ಆಮೇಲೆ ಕುರ್ಚಿಯೊಂದು ಸರಿಯಿತು. ಆಮೇಲೆ ಎರಡು. ಆಮೇಲೆ ಯಾರೋ ಅತ್ತಿಂದಿತ್ತ ಬೇಗ ಬೇಗ ನಡೆಯುವ ಸದ್ದು. ಇಪ್ಪತ್ತಾರು ವರ್ಷದಲ್ಲಿ ಆ ಮಾಳಿಗೆ ಆಕೆಗೆ ಅಷ್ಟು ಇಂಪಾಗಿ ಕೇಳಿಸಿರಲಿಲ್ಲ.

ಅಷ್ಟರಲ್ಲಿ ಕಿಟಕಿಗೆ ಒಬ್ಬ ಬಡಗಿ ಬಂದ. ಹಿಂದಿನ ಸಂಜೆ ಹತ್ಯಾರಗಳ ಚೀಲವನ್ನು ಬಸ್ಸಿನಲ್ಲಿ ಬಿಟ್ಟಿದ್ದ. ಮುಖ ಬಿಳಿಚಿಕೊಂಡಿತ್ತು.

"ತಾಯಿ, ಹನ್ನೆರಡಕ್ಕೆ ಕೆಲಸಕ್ಕೆ ನಿಲ್ಬೇಕು. ಬರಿಗೈಲಿ ಹೋದ್ರೆ ಇನ್ನೊಬ್ಬನ್ನ ಇಟ್ಕೊಂಡುಬಿಡ್ತಾರೆ."

ಆಕೆ ಕಾಗದದ ಪುಸ್ತಕ ನೋಡಿದಳು. ಇಲ್ಲ. ಎರಡನೇ ಡಿಪೋಗೆ ಫೋನು ಮಾಡಿದಳು. "ಎಲ್ಲ ಕಂಪ್ಯೂಟರಲ್ಲಿದೆಯಲ್ಲ ಅಕ್ಕ, ಫೋನ್ ಯಾಕ್ ಮಾಡ್ತೀರಿ? ಅಯ್ಯೋ, ಈಗ ಯಾಕೋ ಬರ್ತಾನೇ ಇಲ್ಲ" ಎಂದು ಅತ್ತಲಿಂದ ಉತ್ತರ ಬಂತು. ಬಡಗಿ ಬೆಂಚಿನ ತುದಿಯಲ್ಲಿ ಕುಳಿತ. ಅವನ ಕಡೆ ನೋಡದಿರಲು ಆಕೆ ಛತ್ರಿಗಳನ್ನು ಎಣಿಸಿದಳು.

ಹನ್ನೊಂದೂ ಹದಿನೈದಕ್ಕೆ ಮೆಟ್ಟಿಲಲ್ಲಿ ಕಾಲ ಸಪ್ಪಳ ಕೇಳಿತು. ಮುಂದೆ ಅಧ್ಯಕ್ಷೆ, ಹಿಂದೆ ಮುಖ ಹುಳ್ಳಗಾದ ಮಾವ, ಅವರ ಹಿಂದೆ ಹೊಸ ಕಂಪ್ಯೂಟರನ್ನು ಎದೆಗವಚಿಕೊಂಡ ಅಳಿಯ. ಆಗಿದ್ದುದಿಷ್ಟು: ಪುಟದ ಬದಲು, ಇಂಥ ವಿಳಾಸದಲ್ಲಿ ಉಗ್ರಾಣ ಸಿಗುತ್ತಿಲ್ಲವೆಂಬ ಸಂದೇಶ ಗೋಡೆಯ ಮೇಲೆ ಮೂಡಿತ್ತು. ಅಳಿಯ ಇಂಟರ್ನೆಟ್ ತೊಂದರೆ ಎಂದಿದ್ದ. ಅಧ್ಯಕ್ಷೆ ಆ ಸಂಖ್ಯೆಯನ್ನು ಓದಿ, ಇದು ಯಾವ ಯಂತ್ರ ಎಂದು ಕೇಳಿದ್ದರು. ಅಳಿಯನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಗುಮಾಸ್ತ ಬಾಯಿಬಿಟ್ಟಿದ್ದ.

"ಈ ಕಂಪ್ಯೂಟರಲ್ಲಿ ಏನಾಯ್ತು?" ಎಂದು ಅಧ್ಯಕ್ಷೆ ಕಿಟಕಿಯಲ್ಲಿ ಕೇಳಿದರು.

"ಅಳಿಸಿದೆ ಮೇಡಂ. ಹನ್ನೊಂದಕ್ಕೆ ಅಳಿಸಬೇಕು ಅಂತ ಆಜ್ಞೆ ಇತ್ತು." ಆಕೆ ಕನ್ನಡಕದ ಪೆಟ್ಟಿಗೆ ತೆರೆದು ಚೀಟಿಯನ್ನು ಬಿಡಿಸಿ ಕೊಟ್ಟಳು.

ಅಧ್ಯಕ್ಷೆ ಎರಡೂ ಸಹಿಗಳನ್ನು ನೋಡಿದರು. ವ್ಯವಸ್ಥಾಪಕರನ್ನು ನೋಡಿದರು. ವ್ಯವಸ್ಥಾಪಕರು, "ಮೇಡಂ, ಪಾಪ ಇವರಿಗೆ ಏನೂ ಗೊತ್ತಾಗಿಲ್ಲ. ಏನೋ ಒತ್ತಿಬಿಟ್ಟಿದಾರೆ. ಗೊತ್ತಿಲ್ದೆ ಆಗಿದ್ದು, ಬಿಟ್ಬಿಡೋಣ" ಎಂದರು. ದನಿ ತುಂಬ ಮೃದುವಾಗಿತ್ತು. ಹೊರಬರುವ ಬಾಗಿಲನ್ನು ಅವಳಿಗೆ ಅವರೇ ತೆರೆದು ಹಿಡಿದಿದ್ದರು.

"ಮೇಲಿನದು ಇದನ್ನೇ ನಂಬಿಕೊಂಡಿದೆ ಅಂತ ನಿಮಗೆ ಗೊತ್ತಿತ್ತಾ?" ಎಂದು ಅಧ್ಯಕ್ಷೆ ಕೇಳಿದರು.

ಗೊತ್ತಿರಲಿಲ್ಲ ಎಂದರೆ ಸಾಕಿತ್ತು. ಚೀಟಿ ಕೈಯಲ್ಲಿತ್ತು, ಯಾರೂ ಏನೂ ಮಾಡುವಂತಿರಲಿಲ್ಲ. ಆದರೆ ಗೊತ್ತಿರಲಿಲ್ಲ ಎಂದರೆ, ತನ್ನ ಕೈಯಿಂದ ಆದದ್ದು ತನಗೇ ತಿಳಿಯದು ಎಂದಂತೆ. ಪಾಪ, ಎಲ್ಲಿ ಬರಬೇಕು ಎಂಬ ಮಾತಿಗೆ ತಾನೇ ಸಹಿ ಹಾಕಿದಂತೆ. ನಾಲ್ಕು ತಿಂಗಳ ಮಧ್ಯಾಹ್ನಗಳನ್ನು ಅವರ ಮಡಿಲಿಗೆ ಹಾಕಿ ಕೈ ತೊಳೆದುಕೊಂಡಂತೆ.

"ಗೊತ್ತಿತ್ತು ಮೇಡಂ. ಭಾನುವಾರದಿಂದ ಗೊತ್ತಿತ್ತು. ಗೊತ್ತಿದ್ದೇ ಮಾಡ್ದೆ. ಇದನ್ನ ಕಟ್ಟಿದ್ದು ನಾನು."

"ಸುಳ್ಳು!" ಎಂದರು ವ್ಯವಸ್ಥಾಪಕರು. ಮೃದುತ್ವವೆಲ್ಲ ಮಂಗಮಾಯವಾಗಿತ್ತು.

"ಹಾಗಾದ್ರೆ ನಿಮ್ಮ ಅಳಿಯಂದ್ರು ಈಗ ಎಬ್ಬಿಸಲಿ ಸಾರ್. ಸಾಮಾನೆಲ್ಲ ಇದರಲ್ಲಿದೆ, ಒಂದೂ ಹೋಗಿಲ್ಲ" ಎಂದು ಆಕೆ ಕೀಗೊಂಚಲನ್ನು ಕಿಟಕಿಯ ಹಲಗೆಯ ಮೇಲಿಟ್ಟಳು.

ಅಳಿಯ ಪೆನ್‌ಡ್ರೈವನ್ನು ನೋಡಿದ, ಮಾವನನ್ನು ನೋಡಿದ, ತಲೆ ತಗ್ಗಿಸಿದ. "ನನಗೆ ಬರಲ್ಲ ಮೇಡಂ" ಎಂದ.

ಅಧ್ಯಕ್ಷೆ ಹೊಸ ಯಂತ್ರವನ್ನು ಅವನ ಕೈಯಿಂದ ತೆಗೆದು ಕಿಟಕಿಯೊಳಕ್ಕೆ ದಾಟಿಸಿದರು. ಛತ್ರಿ ಅಕ್ಕ ನೋಟುಪುಸ್ತಕ ತೆರೆಯಲಿಲ್ಲ. ಡೇಟಾಬೇಸ್ ಹಾಕಿದಳು. ಪ್ರತಿಯಿಂದ ಸಾಮಾನು ತುಂಬಿಸಿದಳು. ಸೆಟ್ಟಿಂಗ್ಸ್ ಚೀಟಿಯಲ್ಲಿ ತನ್ನ ಸಂಖ್ಯೆ ತೆಗೆದು ‘ಇಲ್ಲೇ’ ಎಂದು ಬರೆದಳು. ಓಡಿಸಿದಳು. ಅಂಗಡಿಯ ಬಾಗಿಲು, ಅಂದರೆ ಪೋರ್ಟು, ಈಗಾಗಲೇ ಬೇರೆಯವರ ಕೈಯಲ್ಲಿದೆ ಎಂದು ಯಂತ್ರ ಮುನಿಯಿತು. ಅಳಿಯನ ಹಳೆಯ ಪ್ರತಿಯೊಂದು ಅರೆಜೀವವಾಗಿ ಅದೇ ಬಾಗಿಲಲ್ಲಿ ಕುಳಿತಿತ್ತು. "ಇವರನ್ನ ಮೊದಲು ಎಬ್ಬಿಸಿ ಕಳಿಸಬೇಕು" ಎಂದು ಅದನ್ನು ನಿಲ್ಲಿಸಿ ಮತ್ತೆ ಓಡಿಸಿದಳು. ಪುಟ ತೆರೆಯಿತು. ಯಾರೂ ಹೇಳದಿದ್ದರೂ ಮೊದಲು ಹತ್ಯಾರದ ಚೀಲ ಎಂದು ಬರೆದು ಹುಡುಕಿದಳು. ಮೂರನೇ ಡಿಪೋ, ನಾಲ್ಕನೇ ಕಪಾಟು. ಬಡಗಿ ಧನ್ಯವಾದವನ್ನೂ ಹೇಳದೆ ಓಡಿದ. ಗಡಿಯಾರದಲ್ಲಿ ಹನ್ನೊಂದೂ ಮೂವತ್ತೇಳು.

"ಕೆಲಸ ನಿಮ್ಮದೇ. ಇದರಲ್ಲಿ ಅನುಮಾನ ಇಲ್ಲ" ಎಂದರು ಅಧ್ಯಕ್ಷೆ. ಆಕೆಯ ಎದೆ ಅರಳುವಷ್ಟರಲ್ಲಿ, "ಆದ್ರೆ ಐದು ಡಿಪೋದ ಜನ ಮೂವತ್ತೇಳು ನಿಮಿಷ ಕಾದರು. ಆ ಬಡಗಿ ನಿಮಗೆ ಏನ್ ಮಾಡಿದ್ದ?" ಎಂದರು.

ಛತ್ರಿ ಅಕ್ಕ ನೆಲ ನೋಡಿದಳು.

ಸೋಮವಾರ ಮೂರು ಕಾಗದಗಳು ಬಂದವು. ಮೊದಲನೆಯದರಲ್ಲಿ, ಅಪ್ಲಿಕೇಶನ್ ಕಟ್ಟಿದವರು ಕಳೆದ ವಸ್ತುಗಳ ಕೌಂಟರಿನವರೆಂದು ಪ್ರತಿ ಪುಟದ ಅಡಿಯಲ್ಲಿ ನಮೂದಿಸಬೇಕೆಂದಿತ್ತು. ಎರಡನೆಯದು, ತಿಳಿದೂ ತಿಳಿದೂ ಸಾರ್ವಜನಿಕರ ಸೇವೆಯನ್ನು ನಿಲ್ಲಿಸಿದ್ದಕ್ಕೆ ಆಕೆಗೆ ಎಚ್ಚರಿಕೆ. ಈ ವರ್ಷ ಬರಬೇಕಿದ್ದ ಬಡ್ತಿ ಇಲ್ಲ. ಮೂರನೆಯದು ಮೇಲಿನ ಮಹಡಿಗೆ ಸೇರಿದ್ದು: ವ್ಯವಸ್ಥಾಪಕರು ಪ್ರತಿ ಶುಕ್ರವಾರ ಕೌಂಟರಿಗೆ ತಾವೇ ಬಂದು ಅಪ್ಲಿಕೇಶನ್ನಿನ ವರದಿ ಪಡೆಯತಕ್ಕದ್ದು, ಅವರ ಅಳಿಯ ದಿನಕ್ಕೆ ಎರಡು ಗಂಟೆ ಅಲ್ಲಿ ಕುಳಿತು, ಸರ್ವರನ್ನು ಬರಿಯ ಯಂತ್ರದಲ್ಲಿ ಮೊದಲಿನಿಂದ ಹೂಡುವುದನ್ನು ಕಲಿಯತಕ್ಕದ್ದು, ಕೌಂಟರಿನವರು ತೃಪ್ತರಾಗಿ ಸಹಿ ಹಾಕುವವರೆಗೆ.

ಅತ್ತೆ ಮೂರನ್ನೂ ಸೊಸೆಯಿಂದ ಎರಡೆರಡು ಸಲ ಓದಿಸಿದಳು. "ಬಡ್ತಿ ಹೋಯ್ತು" ಎಂದಳು.

"ಹೋಯ್ತು ಅತ್ತೆ."

"ತೃಪ್ತರಾಗಿ ಅಂತಿದೆಯಲ್ಲ, ಆ ಸಾಲು ಇನ್ನೊಂದ್ ಸಲ ಓದು."

ಶುಕ್ರವಾರ ವ್ಯವಸ್ಥಾಪಕರು ಬಂದರು. ಕಿಟಕಿಯ ಆಚೆ ಕುರ್ಚಿಯಿಲ್ಲ. ಆಕೆ ವರದಿಯನ್ನು ಸಾಲು ಬಿಡದೆ, ನಡುನಡುವೆ ಬಂದ ಜನರನ್ನೆಲ್ಲ ಮೊದಲು ವಿಚಾರಿಸಿ ಕಳುಹಿಸುತ್ತಾ, ನಲವತ್ತು ನಿಮಿಷ ಓದಿದಳು. ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಕೇಳಿದರು.

ಅಳಿಯನಿಗೆ ಒಳಗೆ ಒಂದು ಸ್ಟೂಲು ಸಿಕ್ಕಿತು. ಅಭ್ಯಾಸಕ್ಕೆ ಗೋದಾಮಿನ ಹಳೆಯ ಯಂತ್ರ. ಮೊದಲ ದಿನ ಅವನಿಗೆ ಡೇಟಾಬೇಸ್ ಹಾಕುವುದೇ ಆಗಲಿಲ್ಲ. ಆಕೆ ಸುಳಿವು ಕೊಡಲಿಲ್ಲ. ದಪ್ಪ ಪುಸ್ತಕವನ್ನು ಅವನ ತೊಡೆಯ ಮೇಲಿಟ್ಟು ಛತ್ರಿಗಳಿಗೆ ಚೀಟಿ ಕಟ್ಟಲು ಹೋದಳು. ನಾಲ್ಕನೆಯ ದಿನ ಅರ್ಧ ಎದ್ದಿತು. ಏಳನೆಯ ದಿನ ಪೂರ್ತಿ ಎದ್ದಿತು. ಅವನು ಮುಖವರಳಿಸಿ ತಿರುಗಿದ. ಆಕೆ ಒಂದು ಸಾಲಿನತ್ತ ಬೆರಳು ತೋರಿಸಿ, "ಇದು ಯಾಕೆ ಇಲ್ಲಿದೆ?" ಎಂದಳು. ಅವನಿಗೆ ಗೊತ್ತಿರಲಿಲ್ಲ. "ಅಳಿಸಿ. ಮೊದಲಿಂದ ಹಾಕಿ."

ಎಂಟನೆಯ ದಿನವೂ ಅಳಿಸಿ. ಒಂಬತ್ತು, ಹತ್ತು, ಹನ್ನೊಂದನೆಯ ದಿನಗಳಲ್ಲಿಯೂ ಅಳಿಸಿ. ಕಂಡಕ್ಟರುಗಳು ಕಿಟಕಿಯಲ್ಲಿ ಇಣುಕಿ,

"ಅಕ್ಕಾ, ಇದ್ಯಾರು, ಹೊಸ ಬಾವಲಿನಾ?" ಎಂದು ನಗತೊಡಗಿದರು. ಅಳಿಯನ ಕಿವಿ ಕೆಂಪಾಗುತ್ತಿತ್ತು. ಆಕೆ ಅವರನ್ನು ಗದರಿಸಲಿಲ್ಲ.

ಹದಿನಾಲ್ಕನೆಯ ದಿನ ಅವನು ಪುಸ್ತಕ ತೆರೆಯದೆಯೇ ಎಲ್ಲವನ್ನೂ ಹೂಡಿದ. ಬಾಗಿಲು ಮುನಿಯಿತು, ಅದನ್ನೂ ತಾನೇ ಸರಿಪಡಿಸಿದ. ಪುಟ ತೆರೆಯಿತು. ಛತ್ರಿ ಅಕ್ಕ ಕನ್ನಡಕ ಹಾಕಿಕೊಂಡು ಸೆಟ್ಟಿಂಗ್ಸ್ ಚೀಟಿಯ ಒಂದೊಂದು ಅಕ್ಷರವನ್ನೂ ನೋಡಿದಳು. ಐದಾರು ಪ್ರಶ್ನೆ ಕೇಳಿದಳು. ಎಲ್ಲಕ್ಕೂ ಉತ್ತರ ಬಂತು. ಕೊಂಕು ತೆಗೆಯಲು ಒಂದು ಎಳೆಯೂ ಸಿಗಲಿಲ್ಲ. ಅವನು ಸಹಿಯ ಕಾಗದವನ್ನೂ ಪೆನ್ನನ್ನೂ ಮೆಲ್ಲನೆ ಮುಂದೆ ಸರಿಸಿದ.

ಆಕೆ ಪೆನ್ನಿನ ಮುಚ್ಚಳ ತೆಗೆದಳು. ಮತ್ತೆ ಹಾಕಿದಳು.

"ಅಳಿಸಿ."

"ಅಕ್ಕ, ಎಲ್ಲ ಸರಿಯಿದೆಯಲ್ಲ?"

"ಸರಿಯಿದೆ."

"ಮತ್ತೆ?"

"ನಾನು ನಾಲ್ಕು ತಿಂಗಳು ತಗೊಂಡೆ ಕಣಪ್ಪ" ಎಂದು ಆಕೆ ಕಾಗದವನ್ನು ಖಾನೆಯೊಳಗಿಟ್ಟು ಬೀಗ ಹಾಕಿದಳು. "ನಿಮಗಿನ್ನೂ ಹದಿನಾಲ್ಕು ದಿನ ಆಗಿದೆ."

ಕಿಟಕಿಯಲ್ಲಿ ಮುದುಕನೊಬ್ಬ ಬಂದು ನಿಂತಿದ್ದ. ಛತ್ರಿ ಅಕ್ಕ ಅವನತ್ತ ತಿರುಗಿ, ಯಾವ ಬಸ್ಸು, ಯಾವ ಬದಿಯ ಸೀಟು ಎಂದು ಮೆಲುದನಿಯಲ್ಲಿ ಕೇಳತೊಡಗಿದಳು. ಬೆನ್ನ ಹಿಂದೆ ಅಳಿಯ ನಿಟ್ಟುಸಿರು ಬಿಟ್ಟು ಕೀಲಿಗಳ ಮೇಲೆ ಬೆರಳಿಟ್ಟ ಸದ್ದು ಕೇಳಿಸಿತು.